ಹೊಸ ಎಂಟಿಬಿ (ಮೌಂಟೇನ್ ಬೈಕ್) ತಗೊಳ್ಳೋಣ ಅಂದ್ರೆ ಹಳೇದ್ರಲ್ಲಿ ಪೆಡಲ್ ಬಿಟ್ಟು ಏನೂ ಕೂರಲ್ವಂತೆ

ಹಳೇಗೇರು

ನಮಸ್ಕಾರ. ಉದ್ದ ಇದೆ, ಕೋಪದಲ್ಲಿ ಬರೀತಿದೀನಿ, ಅಡ್ಜಸ್ಟ್ ಮಾಡ್ಕೊಳಿ.

ನನ್ನ ಹತ್ರ 2012ರ ಒಂದು 26 ಇಂಚಿನ ಹಾರ್ಡ್‌ಟೇಲ್ ಇದೆ, ಮುಂದೆ ಮಾತ್ರ ಸಸ್ಪೆನ್ಷನ್. ತುರಹಳ್ಳಿ, ಅವತಿ, ನಂದಿ ಹಿಂಭಾಗದ ಕಲ್ಲುದಾರಿ, ಎರಡು ಸಲ ಮುಳ್ಳಯ್ಯನಗಿರಿ ಕಡೆ, ಎಲ್ಲಾ ಅದರಲ್ಲೇ ಸುತ್ತಿರೋದು. ಹೋದ ತಿಂಗಳು ಮುಂದಿನ ಸಸ್ಪೆನ್ಷನ್ ಫೋರ್ಕ್ ಎಣ್ಣೆ ಕಾರೋಕೆ ಶುರು ಮಾಡ್ತು. ನೋಡಿದ್ರೆ ಸ್ಟ್ಯಾಂಚನ್ (ಫೋರ್ಕಿನೊಳಗೆ ಜಾರೋ ಕೊಳವೆ) ಮೇಲೆ ಉಗುರು ಸಿಕ್ಕಾಕ್ಕೊಳ್ಳೋ ಅಷ್ಟು ಗೀರು. ಸೀಲ್ ಬದಲಾಯಿಸಿದೆ, ಒಂದು ವಾರ ಬಂತು ಅಷ್ಟೇ. ಸರಿ ಫೋರ್ಕ್ ಒಂದು ಹೊಸದು ಹಾಕಿಸ್ಬಿಡೋಣ ಅಂತ ಶಾಪಿಗೆ ಹೋದ್ರೆ ಅಲ್ಲಿ ಹುಡುಗ ಹೆಡ್‌ಟ್ಯೂಬ್ (ಫೋರ್ಕಿನ ಕೋಲು ಹಾಯೋ ಫ್ರೇಮಿನ ಕೊಳವೆ) ಮೇಲೆ ಬೆರಳಾಡಿಸಿ "ಅಂಕಲ್, ಇದು ಸ್ಟ್ರೈಟು, ಈಗ ಬರೋದೆಲ್ಲಾ ಟೇಪರ್ಡು" ಅಂದ. ಟೇಪರ್ಡು ಅಂದ್ರೆ ಆ ಕೋಲು ಕೆಳಗೆ ದಪ್ಪ ಮೇಲೆ ಸಣ್ಣ, ನನ್ನ ಫ್ರೇಮಿಗೆ ಹೋಗಲ್ಲ. ಅಂಕಲ್ ಅಂದಿದ್ದು ಬೇರೆ.

ಹೋಗ್ಲಿ ಹೊಸ ಸೈಕಲ್ಲೇ ತಗೊಳ್ಳೋಣ, ಒಂದು ಲಕ್ಷ ಇಪ್ಪತ್ತು ಸಾವಿರದ ತನಕ ಹೋಗಬಹುದು, ಹಳೇದ್ರಲ್ಲಿ ಒಳ್ಳೊಳ್ಳೆ ಪಾರ್ಟ್ ಇದಾವಲ್ಲ ಅವನ್ನ ಇದಕ್ಕೆ ಎತ್ತಾಕೋಣ ಅಂತ ಲೆಕ್ಕ ಹಾಕಿದ್ದೆ. 2017ರಲ್ಲಿ ಹಬ್ (ಚಕ್ರದ ನಡುಭಾಗ) ಬೇರೆ ರಿಮ್ ಬೇರೆ ತರಿಸಿ 32 ಕಡ್ಡಿ ಹಾಕ್ಸಿ ಕಟ್ಟಿಸಿದ ವೀಲ್‌ಸೆಟ್ ಇದೆ, ಇವತ್ತಿಗೂ ಬೆಂಡ್ ಇಲ್ಲ. ಹಿಂದಿನ ಹಬ್ ಅಗಲ 135 ಎಂಎಂ, ಕ್ವಿಕ್ ರಿಲೀಸು, ಅಂದ್ರೆ ಲಿವರ್ ತಿರುಗಿಸಿ ಬಿಚ್ಚೋದು. ಹೊಸ ಸೈಕಲ್‌ಗಳಲ್ಲಿ ನೋಡಿದ್ರೆ 148. ಮಧ್ಯದಲ್ಲಿ 142 ಅಂತ ಒಂದು ಬಂದು ಹೋಗಿದೆ, ಅದು ಅಸಲಿಗೆ ನಮ್ಮ 135ರ ಹಬ್ಬೇ, ಫ್ರೇಮಲ್ಲಿ ಆಚೆಗೆ ಮೂರೂವರೆ ಈಚೆಗೆ ಮೂರೂವರೆ ಎಂಎಂ ಗುಂಡಿ ತೋಡಿ ಕೂರಿಸೋದು, ಹಾಗಾಗಿ ಎಂಡ್ ಕ್ಯಾಪ್ ಬದಲಾಯಿಸಿದ್ರೆ ನಡೀತಿತ್ತು. ಜನ ಅದಕ್ಕೆ ಹೊಂದ್ಕೊಳ್ಳೋಷ್ಟರಲ್ಲಿ ಟ್ರೆಕ್‌ನೋರು ಸ್ರ್ಯಾಮ್‌ನೋರು ಸೇರ್ಕೊಂಡು ಬೂಸ್ಟ್ ಅಂತ 148 ತಂದ್ರು. ಒಂದೊಂದು ಕಡೆ 3 ಎಂಎಂ. ಒಂದು ರೂಪಾಯಿ ಎರಡು ನಾಣ್ಯ ಜೋಡಿಸಿಟ್ರೆ ಎಷ್ಟು ದಪ್ಪ ಆಗುತ್ತೋ ಅಷ್ಟಕ್ಕೆ ನನ್ನ ವೀಲ್ ಗುಜರಿ.

ಪ್ರಶ್ನೆ ಇಷ್ಟೇ. ಈಗ ತಗೊಂಡ್ರೆ ಹತ್ತು ವರ್ಷ ಸ್ಪೇರ್ ಸಿಗೋ ಅಂಥದ್ದು ಏನು ನೋಡಿ ತಗೋಬೇಕು? "ಯಾವ ಬ್ರ್ಯಾಂಡ್" ಅಂತ ಕೇಳ್ತಿಲ್ಲ, ದಯವಿಟ್ಟು ಬ್ರ್ಯಾಂಡ್ ಜಗಳ ಬೇಡ.

ತುರಹಳ್ಳಿ ಧೂಳು

ಗುರು ಕೋಪ ಅರ್ಥ ಆಗುತ್ತೆ, ಆದ್ರೆ ಒಂದ್ಸಲ ಹೊಸ 29ರ್ (29 ಇಂಚಿನ ಚಕ್ರದ್ದು) ಮೇಲೆ ಕೂತು ಅದೇ ತುರಹಳ್ಳಿ ಬಂಡೆ ಇಳಿದು ನೋಡಿ ಆಮೇಲೆ ಮಾತಾಡೋಣ. ನಿಮ್ಮ 2012ರ ಸೈಕಲ್ ಹೆಡ್ ಆಂಗಲ್ (ಹೆಡ್‌ಟ್ಯೂಬ್ ನೆಲಕ್ಕೆ ವಾಲಿರೋ ಕೋನ) 70-71 ಡಿಗ್ರಿ ಇರುತ್ತೆ, ಈಗಿನ ಹಾರ್ಡ್‌ಟೇಲ್ 65-66. ನಿಮ್ಮದ್ರಲ್ಲಿ ಮುಂದಿನ ಚಕ್ರ ಕಲ್ಲಿಗೆ ತಗುಲಿದ್ರೆ ನೀವು ಹ್ಯಾಂಡಲ್ ದಾಟಿ ಹೋಗ್ತೀರಿ, ಇದು ಹತ್ಕೊಂಡು ಹೋಗುತ್ತೆ. ಡ್ರಾಪರ್ ಪೋಸ್ಟು (ಓಡಿಸ್ತಾನೇ ಸೀಟು ಇಳಿಸೋದು), ಮುಂದೆ ಒಂದೇ ಚೈನ್‌ರಿಂಗು, ಥ್ರೂ ಆಕ್ಸಲ್ಲು (ಫ್ರೇಮ್ ತೂರಿ ಹೋಗೋ ದಪ್ಪ ಆಕ್ಸಲ್ಲು), ಇವೆಲ್ಲಾ ಸುಮ್ನೆ ಮಾರ್ಕೆಟಿಂಗ್ ಅಲ್ಲ.

ಬೂಸ್ಟ್‌ಗೂ ಕಾರಣ ಇದೆ. ಚಕ್ರ ದೊಡ್ಡದಾದಷ್ಟೂ ಕಡ್ಡಿ ಉದ್ದ ಆಗುತ್ತೆ, ಪಕ್ಕಕ್ಕೆ ಬಾಗುತ್ತೆ. ಹಬ್ಬಿನ ಎರಡು ಫ್ಲೇಂಜ್ (ಕಡ್ಡಿ ಸಿಕ್ಕಿಸೋ ಅಂಚು) ನಡುವೆ ಅಗಲ ಮಾಡಿದ್ರೆ ಕಡ್ಡಿ ಕೂರೋ ಕೋನ ಜಾಸ್ತಿ ಆಗಿ ಚಕ್ರ ಗಟ್ಟಿ. ಜೊತೆಗೆ ಚೈನ್‌ಲೈನ್ (ಚೈನು ಓಡೋ ಸಾಲು) 3 ಎಂಎಂ ಆಚೆ ಹೋಗಿದ್ದಕ್ಕೆ ದಪ್ಪ ಟಯರಿಗೂ ಜಾಗ ಸಿಕ್ತು, ಚೈನ್‌ಸ್ಟೇ (ಹಿಂದಿನ ಚಕ್ರ ಹಿಡಿಯೋ ಫ್ರೇಮಿನ ಕೋಲು) ಗಿಡ್ಡ ಮಾಡೋಕೂ ಆಯ್ತು.

ಹಳೇಗೇರು

ಧೂಳು ಅವ್ರೇ, ಓಡಿಸಿದೀನಿ, ಫ್ರೆಂಡ್‌ದು. ಚೆನ್ನಾಗಿದೆ, ಇಲ್ಲ ಅನ್ನಲ್ಲ. ಥ್ರೂ ಆಕ್ಸಲ್ಲೂ ಒಪ್ಕೋತೀನಿ, ಡಿಸ್ಕ್ ಬ್ರೇಕ್ ಇರೋ ಫೋರ್ಕಿಗೆ 9 ಎಂಎಂ ಕ್ವಿಕ್ ರಿಲೀಸ್ ಸಾಕಾಗಲ್ಲ. ಆದ್ರೆ ಡೌನ್‌ಹಿಲ್ ಸೈಕಲ್ಲಲ್ಲಿ 20×110 (ಆಕ್ಸಲ್ ದಪ್ಪ × ಹಬ್ ಅಗಲ, ಎಂಎಂನಲ್ಲಿ) ಆಗ್ಲೇ ಇತ್ತಲ್ಲ? ಅದನ್ನೇ ಎಲ್ಲರಿಗೂ ಕೊಡೋದು ಬಿಟ್ಟು 15×100 ತಂದ್ರು, ಆಮೇಲೆ ಅಗಲ ಸಾಲಲ್ಲ ಅಂತ 15×110 ತಂದ್ರು. ಅದೇ 110, ಆದ್ರೆ ಹಳೇ 110ರ ಹಬ್ ಇದಕ್ಕಾಗಲ್ಲ, ಡಿಸ್ಕ್ ಕೂರೋ ಜಾಗಾನೂ ಬೇರೆ. ಹಿಂದ್ಗಡೆನೂ ಹಂಗೇ, 150 ಇತ್ತು, ಆದ್ರೂ 148. ಎರಡು ಎಂಎಂ ಉಳಿಸಿ ಯಾರಿಗೇನು ಸಿಕ್ತು? ಚೈನ್‌ಲೈನು ಪೆಡಲ್ ಅಗಲ ಅಂತ ಏನೋ ಹೇಳ್ತಾರೆ. ಆಮೇಲೆ ಇನ್ನೊಂದು ಕಂಪನಿಯೋರು 157 ಸೂಪರ್ ಬೂಸ್ಟ್ ಅಂತ ತಂದ್ರು ಸ್ವಾಮಿ.

ಮೈಸೂರು ಸ್ಪ್ಯಾನರ್

ನಾನು ಸೈಕಲ್ ರಿಪೇರಿ ಕೆಲಸ ಮಾಡೋನು, ಓಡಿಸೋದು ಕಮ್ಮಿ ಬಿಚ್ಚೋದು ಜಾಸ್ತಿ. ಒಂದೇ ಮಾತು ಕೇಳೋದಾದ್ರೆ ಇದು ಕೇಳಿ, ಬಾಟಮ್ ಬ್ರಾಕೆಟ್ (ಬಿಬಿ, ಪೆಡಲ್ ಕ್ರ್ಯಾಂಕು ತಿರುಗೋ ಬೇರಿಂಗ್) ಕೂರೋ ಜಾಗಕ್ಕೆ ತ್ರೆಡ್ ಇರೋ ಫ್ರೇಮೇ ತಗೊಳಿ. ಮಿಕ್ಕಿದ್ದೆಲ್ಲಾ ಆಮೇಲೆ.

ಬಿಎಸ್ಎ ತ್ರೆಡ್ ಅಂದ್ರೆ ಬರ್ಮಿಂಗ್‌ಹ್ಯಾಮ್ ಸ್ಮಾಲ್ ಆರ್ಮ್ಸ್ ಕಾಲದ್ದು, 1.37 ಇಂಚು, ಇಂಚಿಗೆ 24 ತ್ರೆಡ್, ಬಲಗಡೆ ಕಪ್ ಉಲ್ಟಾ ತಿರುಗುತ್ತೆ. ಅಂಗಡೀಲಿ ಕಪ್ ಇಟ್ಟಿರ್ತೀನಿ, ಅರ್ಧ ಗಂಟೆ ಕೆಲಸ, ಗ್ರೀಸ್ ಬಳಿ ತಿರುಗಿಸು ಮುಗೀತು. ಇದನ್ನ ಬಿಟ್ಟು ಕಂಪನಿಯೋರು ಒತ್ತಿ ಕೂರಿಸೋ ಪ್ರೆಸ್‌ಫಿಟ್ ತಂದ್ರು. ಫ್ರೇಮಿನ ತೂತು 41 ಎಂಎಂ, ಅದರೊಳಗೆ ಪ್ಲಾಸ್ಟಿಕ್ ಕಪ್, ಕಪ್ಪೊಳಗೆ ಬೇರಿಂಗ್. ತೂತು ಕರೆಕ್ಟ್ ಅಳತೆಗಿದ್ರೆ ಏನೂ ತೊಂದ್ರೆ ಇಲ್ಲ, ಸುಳ್ಳು ಹೇಳಲ್ಲ, ಅಂಥ ಫ್ರೇಮ್‌ಗಳೂ ನೋಡಿದೀನಿ. ಆದ್ರೆ ಕೂದಲೆಳೆ ಆಚೀಚೆ ಆದ್ರೆ ಸಾಕು ಕಟಕ್ ಕಟಕ್ ಶುರು.

ಹೋದ ವರ್ಷ ಒಬ್ಬರು ತಂದ್ರು, ಒಳ್ಳೆ ಕಾಸ್ಟ್ಲಿ ಸೈಕಲ್ಲು, ಚಾಮುಂಡಿ ಬೆಟ್ಟ ಹತ್ತುವಾಗ ಪ್ರತಿ ತುಳಿತಕ್ಕೂ ಶಬ್ದ. ಪೆಡಲ್ ಬಿಚ್ಚಿ ಗ್ರೀಸ್ ಹಾಕಿದೆ, ಹೋಗ್ಲಿಲ್ಲ. ಚೈನ್‌ರಿಂಗ್ ಬೋಲ್ಟ್ ಬಿಗಿ ಮಾಡಿದೆ. ಸೀಟ್‌ಪೋಸ್ಟ್ ತೆಗೆದು ಒರೆಸಿ ಹಾಕಿದೆ. ಕೊನೆಗೆ ಬಿಬಿ ಹೊಡೆದು ತೆಗೆದ್ರೆ ಒಂದು ಪಕ್ಕ ಕಪ್ಪಿನ ಮೈ ಸವೆದು ಹೊಳೀತಿದೆ, ಇನ್ನೊಂದು ಪಕ್ಕ ಹೊಸದ್ರಂಗಿದೆ. ವರ್ನಿಯರ್ ಇಟ್ಟು ಮೂರು ಕಡೆ ಅಳೆದೆ, ಮೂರೂ ಬೇರೆ ಬೇರೆ. ತೂತೇ ಮೊಟ್ಟೆ ಆಕಾರ. ಆ ಕಂಪನಿ ಕಡೆಯೋರಿಗೆ ಫೋಟೋ ಕಳಿಸಿದ್ರೆ "ಇದು ನಾರ್ಮಲ್" ಅಂದ್ರಂತೆ. ಲಾಕ್ ಮಾಡೋ ಕಾಂಪೌಂಡ್ ಹಾಕಿ ಕೂರಿಸಿ ಕಳಿಸಿದೆ, ಮುಂದಿನ ಸಲ ತೆಗೆಯುವಾಗ ನನ್ನ ಕಥೆ ದೇವರೇ ಬಲ್ಲ.

ಕ್ರ್ಯಾಂಕ್ ಸ್ಪಿಂಡಲ್ (ಎರಡೂ ಕಡೆ ಕ್ರ್ಯಾಂಕ್ ಜೋಡಿಸೋ ಕಂಬಿ) ಇನ್ನೊಂದು ಗೋಳು. ಶಿಮಾನೊ 24 ಎಂಎಂ, ಕೆಲವರದ್ದು 30, 2018ರಲ್ಲಿ ಸ್ರ್ಯಾಮ್ ಡಬ್ ಅಂತ ತಂದಿದ್ದು 28.99. ಬಾಟಾ ಚಪ್ಪಲಿ ರೇಟಿನ ಥರ. ಫ್ರೇಮ್ ನಾಲ್ಕು ಥರ ಸ್ಪಿಂಡಲ್ ಮೂರು ಥರ ಅಂದ್ರೆ ನನ್ನಂಥ ಸಣ್ಣ ಅಂಗಡಿಯೋನು ಎಷ್ಟು ಡಬ್ಬಿ ಸ್ಟಾಕ್ ಇಡ್ಲಿ?

ಧಾರವಾಡದಾಂವ

28.99 ಓದಿ ನಕ್ಕು ನಕ್ಕು ಸಾಕಾತು 😂

ನಮ್ಮಜ್ಜಂದ ಒಂದು ಅಟ್ಲಾಸ್ ಸೈಕಲ್ ಐತ್ರಿ ಮನ್ಯಾಗ, 28×1½ ಟಯರು, ರಾಡ್ ಬ್ರೇಕು. ಅಟ್ಲಾಸ್‌ನವರು ಸಾಹಿಬಾಬಾದ್ ಫ್ಯಾಕ್ಟರಿ 2020ರಾಗ ಬಂದ್ ಮಾಡಿದ್ರು, ಅದೂ ಜೂನ್ 3ಕ್ಕ, ವಿಶ್ವ ಸೈಕಲ್ ದಿನದಂದs.  ಖರೆ ಇವತ್ತ ನಾ ಸಂತಿಗೆ ಹೋದ್ರ ಆ ಸೈಕಲ್ಲಿಗೆ ಟಯರ್ ಸಿಗತೈತಿ, ಟ್ಯೂಬ್ ಸಿಗತೈತಿ, ಕಾಟರ್ ಪಿನ್ನು, ಕೋನು, ಗುಂಡು ಎಲ್ಲಾ ಸಿಗತಾವ. ಯಾಕಂದ್ರ ಹೀರೋ ಮಾಡ್ಲಿ, ಏವನ್ ಮಾಡ್ಲಿ, ಅಳತಿ ಒಂದs. ಯಾರ್ ಮಾಡಿದ್ರೇನು. ನಂದು 2015ರ ಎಂಟಿಬಿ ಐತಿ, ಆ ಕಂಪನಿ ಭರ್ಜರಿ ನಡದೈತಿ, ಆದ್ರ ಅದರ ಹ್ಯಾಂಗರ್ (ಗೇರ್ ಬದಲಿಸೋ ಡೀರೇಲರ್ ತೂಗು ಹಾಕೋ ತುಂಡು) ಮುರದ್ರ ಅವರ ಕಡೆನs ಇಲ್ಲ. "ಆ ಮಾಡೆಲ್ ನಿಂತೈತ್ರಿ ಸರ" ಅಂತಾರ. ನಲವತ್ತು ಗ್ರಾಂ ಅಲ್ಯೂಮಿನಿಯಂ ತುಂಡಿಗೆ ಸೈಕಲ್ ಗ್ವಾಡಿಗೆ ಆನಿಸಿ ನಿಂತೈತಿ ಎರಡ ತಿಂಗಳಾತು.

ಮ್ಯೂನಿಕ್ ತಿಪಟೂರು

28 ಇಂಚು ಅಂದ್ರಲ್ಲ, ನನ್ನ ಮರ್ಯಾದೆ ಹೋಗಿದ್ದು ಅದರಲ್ಲೇ. ಇಲ್ಲಿ ಜರ್ಮನೀಲಿ ಅಂಗಡಿ ತುಂಬಾ 28 ಇಂಚಿನ ಟಯರು. ಅಪ್ಪನ ಹಳೇ ಸೈಕಲ್ಲಿಗೆ ಒಳ್ಳೇದು ಹಾಕ್ಸೋಣ ಅಂತ ಎರಡು ಸೂಟ್‌ಕೇಸಲ್ಲಿ ಸುತ್ತಿ ತಿಪಟೂರಿಗೆ ತಗೊಂಡ್ಹೋದೆ. ಪಂಚರ್ ಅಂಗಡಿಯವನು ಎರಡು ಲಿವರ್ ಹಾಕಿ ಬೆವರು ಸುರಿಸಿ ಎಳೆದ, ರಿಮ್ಮಿಗೆ ಏರಲೇ ಇಲ್ಲ. ಯಾಕೆ ಗೊತ್ತಾ, ಜರ್ಮನಿಯ 28 ಅಂದ್ರೆ 622 ಎಂಎಂ, ನಮ್ಮೂರಿನ 28×1½ ಅಂದ್ರೆ 635. ಹೆಸರು ಒಂದೇ, ಅಳತೆ 13 ಎಂಎಂ ವ್ಯತ್ಯಾಸ. ಅಪ್ಪ ಇವತ್ತಿಗೂ ಬಂದೋರಿಗೆಲ್ಲಾ ಹೇಳ್ತಾರೆ, "ಫಾರಿನ್ ಟಯರ್ ತಂದಿದ್ದ ನಮ್ಮ ಇಂಜಿನಿಯರು".

ಆವತ್ತಿಂದ ಇಂಚು ನೋಡೋದೇ ಬಿಟ್ಟೆ. ಟಯರ್ ಪಕ್ಕದಲ್ಲಿ ಸಣ್ಣಕ್ಕೆ ಬರೆದಿರುತ್ತಲ್ಲ 559, 584, 622 ಅಂತ, ಟಯರ್ ಅಂಚು ರಿಮ್ಮಲ್ಲಿ ಕೂರೋ ವ್ಯಾಸ ಎಂಎಂನಲ್ಲಿ, ಅದು ಮಾತ್ರ ನಿಜ. 26 ಅಂದ್ರೆ 559, 27.5 ಅಂದ್ರೆ 584, 29 ಅಂದ್ರೆ 622. ಕಳೆದು ನೋಡಿ, 27.5 ಅನ್ನೋದು 26ಕ್ಕಿಂತ 25 ಎಂಎಂ ದೊಡ್ಡದು, 29ಕ್ಕಿಂತ 38 ಎಂಎಂ ಚಿಕ್ಕದು. ನಟ್ಟನಡುವೆ ಇರೋ ಥರ ಹೆಸರಿಟ್ಟು ಮಾರಿದ್ರು. 29 ಅಂತೂ ರೋಡ್ ಬೈಕಿನ 700ಸಿ ರಿಮ್ ಅಳತೇನೇ, ಹೊಸದೇನಲ್ಲ. ಅದಕ್ಕೇ ನಾನು ಹೇಳೋದು 29 ತಗೊಳಿ, 622 ರಿಮ್ ನಾವು ಸತ್ತ ಮೇಲೂ ಇರುತ್ತೆ.

ಕುಡ್ಲದ ಕಾಲುದಾರಿ

ನಂದೂ ಒಂದು ಉಂಟು ಮಾರಾಯ್ರೆ. ಚಾರ್ಮಾಡಿ ಹತ್ರ ಸೈಕಲ್ ಕಾರಿಗೆ ಹಾಕ್ಲಿಕ್ಕೆ ಹಿಂದಿನ ಚಕ್ರ ಬಿಚ್ಚಿ ಆಕ್ಸಲನ್ನು ಮೋರಿ ಕಟ್ಟೆಯ ಮೇಲೆ ಇಟ್ಟೆ. ಮಳೆ ಬಂತು, ಗಡಿಬಿಡಿ, ಅದು ಅಲ್ಲೇ ಬಾಕಿ. ಮನೆಗೆ ಬಂದು ನೋಡುವಾಗ ಇಲ್ಲ. ದೊಡ್ಡ ವಿಷಯ ಅಲ್ಲ ಅಂತ 12×148 ಆಕ್ಸಲ್ ಒಂದು ಆರ್ಡರ್ ಮಾಡಿದೆ. ಬಂತು. ಎರಡು ಸುತ್ತು ತಿರುಗಿತು, ಮತ್ತೆ ಹೋಗುದಿಲ್ಲ. ದಪ್ಪ ಸರಿ, ಉದ್ದ ಸರಿ, ತ್ರೆಡ್ ಬೇರೆ! ಒಂದು ತ್ರೆಡ್ಡಿಂದ ಇನ್ನೊಂದಕ್ಕೆ ಅಂತರ 1.0 ಎಂಎಂ ಉಂಟಂತೆ, 1.5 ಉಂಟಂತೆ, 1.75 ಉಂಟಂತೆ. ನನ್ನ ಫ್ರೇಮಿನದ್ದು 1.5, ನಾನು ತರಿಸಿದ್ದು 1.75. ಒತ್ತಾಯ ಮಾಡಿ ತಿರುಗಿಸಿದ್ರೆ ಫ್ರೇಮಿನ ತ್ರೆಡ್ಡೇ ಕಿತ್ತು ಬರ್ತಿತ್ತು. ಈ ಮೂರು ಯಾಕೆ ಬೇಕು ಹೇಳಿ? ಮೂರರಲ್ಲೂ ಚಕ್ರ ತಿರುಗುವುದು ಒಂದೇ ರೀತಿ ಅಲ್ವಾ.

ಆಕ್ಸಲ್ ಹುಡುಕ್ಲಿಕ್ಕೆ ಪುನಃ ಚಾರ್ಮಾಡಿಗೆ ಹೋದೆ. ಸಿಗ್ಲಿಲ್ಲ. ನೀರ್‌ದೋಸೆ ತಿಂದು ಬಂದೆ.

ಮೈಸೂರು ಸ್ಪ್ಯಾನರ್

@ಕುಡ್ಲ, @ಧಾರವಾಡ, ನಿಮ್ಮಿಬ್ಬರ ರೋಗಕ್ಕೂ ಈಗ ಒಂದೇ ಮದ್ದು ಬಂದಿದೆ, ಯುಡಿಎಚ್ (ಯೂನಿವರ್ಸಲ್ ಡೀರೇಲರ್ ಹ್ಯಾಂಗರ್). 2019ರಲ್ಲಿ ಸ್ರ್ಯಾಮ್ ತಂದಿದ್ದು, ಯಾವ ಕಂಪನಿ ಬೇಕಾದ್ರೂ ಆ ಅಳತೆಗೆ ಫ್ರೇಮ್ ಮಾಡಬಹುದು. ಹ್ಯಾಂಗರ್ ಎಲ್ಲಾ ಸೈಕಲ್ಲಿಗೂ ಒಂದೇ, ಆಕ್ಸಲ್ ತ್ರೆಡ್ಡೂ ಒಂದೇ, 1.0. ಬೋಲ್ಟ್ ಉಲ್ಟಾ ತ್ರೆಡ್ ಕೊಟ್ಟಿದಾರೆ, ಕಲ್ಲಿಗೆ ಹೊಡೆದ್ರೆ ಹ್ಯಾಂಗರ್ ಹಿಂದಕ್ಕೆ ತಿರುಗಿ ಜಾರುತ್ತೆ. ಮುಂಚೆ ನನ್ನ ಹತ್ರ ಹ್ಯಾಂಗರ್ ಡಬ್ಬಿ ಇತ್ತು, ಎಪ್ಪತ್ತೆಂಬತ್ತು ಥರ ಇದ್ವು, ಬಂದೋರಿಗೆ ಬೇಕಾಗಿದ್ದೊಂದೇ ಇರ್ತಿರ್ಲಿಲ್ಲ. ಹೊಸ ಸೈಕಲ್ ತಗೊಳ್ಳೋರು ಇದೊಂದು ಕೇಳಿ ತಗೊಳಿ.

ಹಳೇಗೇರು

ಆ ಯುಡಿಎಚ್ ಪುಕ್ಕಟೆ ಧರ್ಮ ಅಲ್ಲ ಅಲ್ವಾ ಸ್ಪ್ಯಾನರ್ ಸರ್? 2023ರಲ್ಲಿ ಅದೇ ಕಂಪನಿ ಹ್ಯಾಂಗರೇ ಬೇಡದ ಡೀರೇಲರ್ ತಂತು, ಫ್ರೇಮಿಗೇ ಡೈರೆಕ್ಟಾಗಿ ಕಚ್ಕೊಳ್ಳೋದು, ಟ್ರಾನ್ಸ್‌ಮಿಷನ್ ಅಂತ. ಅದು ಕೂರೋದು ಯುಡಿಎಚ್ ಫ್ರೇಮಿಗೆ ಮಾತ್ರ. ನಾಲ್ಕು ವರ್ಷ ಮುಂಚೆನೇ ಎಲ್ಲರ ಫ್ರೇಮಲ್ಲೂ ಸೀಟಿಗೆ ಟವೆಲ್ ಹಾಕಿಟ್ಟಿದ್ರು.

ಮೈಸೂರು ಸ್ಪ್ಯಾನರ್

ಟವೆಲ್ ಹಾಕ್ಲಿ ಬಿಡಿ ಸ್ವಾಮಿ, ನಮಗೆ ಹ್ಯಾಂಗರ್ ಸಿಗುತ್ತಲ್ಲ. ಅವರು ಲಾಭಕ್ಕೇ ಮಾಡಿರ್ಲಿ, ನನ್ನ ಡಬ್ಬಿ ಅಂತೂ ಖಾಲಿ ಆಯ್ತು.

ಶಿರಸಿ ಕೆಸರು

ಎಲ್ಲರೂ ಚಕ್ರದಲ್ಲೇ ಸಿಕ್ಕಾಕ್ಕೊಂಡಿದ್ದೀರಿ. ಈಗಿನ ದೊಡ್ಡ ಪಿಡುಗು ಹೆಡ್‌ಸೆಟ್ (ಹ್ಯಾಂಡಲ್ ತಿರುಗೋ ಬೇರಿಂಗ್) ಒಳಗಿಂದ ಕೇಬಲ್ ಹಾಯಿಸೋದು. ನಮ್ಮ ಕಡೆ ಜೂನಿಂದ ಸೆಪ್ಟೆಂಬರ್ ಮಳೆ ಮಾರಾಯ, ಹೆಡ್‌ಸೆಟ್ ಬೇರಿಂಗ್ ವರ್ಷಕ್ಕೊಂದು ಗ್ಯಾರಂಟಿ ಹೋಗುತ್ತೆ. ಮುಂಚೆ ಸ್ಟೆಮ್ ಬಿಚ್ಚು, ಫೋರ್ಕ್ ಇಳಿಸು, ಬೇರಿಂಗ್ ಬದಲಾಯಿಸು, ಗ್ರೀಸ್, ವಾಪಸ್, ಒಂದು ಚಾ ಆರೋದ್ರೊಳಗೆ ಮುಗೀತಿತ್ತು. ಈಗ ಬ್ರೇಕ್ ಹೋಸು ಆ ಬೇರಿಂಗಿನ ನಡುವಿಂದಲೇ ಹೋಗಿರ್ತದೆ. ಮೇಲಿನ ಬೇರಿಂಗ್ ತೆಗೀಬೇಕಂದ್ರೆ ಹಿಂದಿನ ಬ್ರೇಕ್ ಹೋಸ್ ಕಳಚಬೇಕು, ಆಲಿವ್ (ಹೋಸ್ ತುದಿಯ ಸಣ್ಣ ಉಂಗುರ) ಹೊಸದು ಹಾಕ್ಬೇಕು, ಬ್ಲೀಡ್ ಮಾಡ್ಬೇಕು, ಅಂದ್ರೆ ಎಣ್ಣೆಯಿಂದ ಗಾಳಿ ತೆಗೀಬೇಕು. ಐದು ನೂರು ರೂಪಾಯಿ ಬೇರಿಂಗಿಗೆ ಅರ್ಧ ದಿನ. ಬ್ಲೀಡ್ ಮಾಡೋಕೂ ಯಾವ ಎಣ್ಣೆ ಅಂತ ನೋಡ್ಬೇಕು, ಶಿಮಾನೊಗೆ ಮಿನರಲ್ ಆಯಿಲ್, ಇನ್ನೊಬ್ಬರದ್ದು ಡಾಟ್, ತಪ್ಪಿ ಹಾಕಿದ್ರೆ ಸೀಲ್ ಉಬ್ಬಿ ಬ್ರೇಕೇ ಹೋಯ್ತು.

ಯಾಕಪ್ಪಾ ಹೀಗೆ ಮಾಡಿದ್ದು ಅಂದ್ರೆ ಕೇಬಲ್ ಕಾಣಬಾರದಂತೆ. ಕೆಸರಲ್ಲಿ ಸೈಕಲ್ಲೇ ಕಾಣೂದಿಲ್ಲ, ಕೇಬಲ್ ಯಾರು ನೋಡ್ತಾರೆ.

ತುರಹಳ್ಳಿ ಧೂಳು

ಇದಕ್ಕೆ ಮಾತ್ರ ನಾನೂ ವಾದ ಮಾಡಲ್ಲ. ಹೆಡ್‌ಸೆಟ್ ರೂಟಿಂಗ್ ಕಂಡು ಹಿಡಿದೋನ ಮನೇಲಿ ನಲ್ಲಿ ಪೈಪೆಲ್ಲಾ ಮುಂಬಾಗಿಲ ಚೌಕಟ್ಟಲ್ಲೇ ಹೋಗ್ಲಿ.

ಧಾರವಾಡದಾಂವ

😂😂 ಧೂಳಪ್ಪಾರ ಇವತ್ತ ನಮ್ಮ ಕಡೆ ಬಂದ್ರ ನೋಡ್ರಿ

ಹಳೇಗೇರು

ಹತ್ತು ದಿನ ಆಯ್ತು, ಅಪ್‌ಡೇಟ್. ನಾಲ್ಕು ಶಾಪ್ ಸುತ್ತಿದೆ, ಟೇಪ್ ಜೇಬಲ್ಲಿ. ಒಂದು ಕಡೆ ಸೇಲ್ಸ್‌ಮನ್‌ಗೆ "ಬಿಬಿ ತ್ರೆಡೆಡ್ಡಾ?" ಅಂದ್ರೆ "ಸರ್ ಇದು ಬ್ಲೂ ಕಲರ್ರಲ್ಲೂ ಬರುತ್ತೆ" ಅಂದ. ಸರ್ ಅಂದ, ಅಷ್ಟು ಸಮಾಧಾನ.

ಗೇರಿನ ವಿಷಯ ಕೇಳ್ಬೇಕಿತ್ತು. ಫ್ರೀಹಬ್ ಬಾಡಿ (ಹಿಂದಿನ ಹಬ್ಬಲ್ಲಿ ಗೇರು ಕೂರೋ ಭಾಗ) ಮೂರು ಥರ ಹೇಳ್ತಾರೆ, ಹಳೇ ಎಚ್‌ಜಿ, ಸ್ರ್ಯಾಮಿನ ಎಕ್ಸ್‌ಡಿ, ಶಿಮಾನೊದ ಮೈಕ್ರೋಸ್ಪ್ಲೈನ್. 10 ಹಲ್ಲಿನ ಗೇರು ಹಳೇ ಬಾಡಿ ಮೇಲೆ ಕೂರಲ್ಲ ಅದಕ್ಕೇ ಬದಲಾಯಿಸಿದ್ದು ಅಂದ್ರು. ಆ ಒಂದು ಹಲ್ಲಿಗೋಸ್ಕರ ಇಷ್ಟೆಲ್ಲಾನಾ? ನಾನು 10 ಹಲ್ಲಲ್ಲಿ ತುಳಿಯೋದು ಏರ್‌ಪೋರ್ಟ್ ರೋಡಲ್ಲಿ ಲಾರಿ ಹಿಂದೆ ಬಿದ್ದಾಗ ಮಾತ್ರ.

ಮೈಸೂರು ಸ್ಪ್ಯಾನರ್

ಎಚ್‌ಜಿಲೇ ಇರಿ. 11 ಸ್ಪೀಡ್ ಡಿಯೋರೆ 5100 ಸೀರೀಸಲ್ಲಿ 11-51 ಹಲ್ಲಿನ ಕ್ಯಾಸೆಟ್ (ಹಿಂದಿನ ಗೇರ್ ಗೊಂಚಲು) ಎಚ್‌ಜಿ ಬಾಡಿಗೇ ಕೂರುತ್ತೆ, ಬೆಟ್ಟ ಹತ್ತೋಕೆ ಧಾರಾಳ. ಇಲ್ಲಾ ಶಿಮಾನೊದ್ದೇ ಲಿಂಕ್‌ಗ್ಲೈಡ್, ಕ್ಯೂಸ್ ಅಂತ 2023ರಿಂದ ಬರ್ತಿದೆಯಲ್ಲ, ಹಲ್ಲು ದಪ್ಪ, ತೂಕ ಸ್ವಲ್ಪ ಜಾಸ್ತಿ, ಬಾಳಿಕೆ ಜಾಸ್ತಿ, ಅದೂ ಎಚ್‌ಜಿಗೇ. ಆದ್ರೆ ಒಂದು ಎಚ್ಚರ, ಲಿಂಕ್‌ಗ್ಲೈಡ್ ಶಿಫ್ಟರು ಡೀರೇಲರು ಮಾಮೂಲಿ 11 ಸ್ಪೀಡ್ ಜೊತೆ ಬೆರೆಸೋ ಹಾಗಿಲ್ಲ, ಕೇಬಲ್ ಎಳೆಯೋ ಅಳತೆ ಬೇರೆ. ತಗೊಂಡ್ರೆ ಪೂರ್ತಿ ಸೆಟ್.

ಹಳೇಗೇರು

ತಗೊಂಡೆ!! ಹಾರ್ಡ್‌ಟೇಲು, 29, 148 ಬೂಸ್ಟು (ಏನೂ ಮಾಡೋಕಾಗಲ್ಲ), ತ್ರೆಡ್ ಬಿಬಿ, ಯುಡಿಎಚ್, ಕೇಬಲ್ ಪಕ್ಕದ ತೂತಿಂದ ಒಳಗೆ ಹೋಗುತ್ತೆ, ಹೆಡ್‌ಸೆಟ್ ಮುಟ್ಟಲ್ಲ. ಗೇರು 11 ಸ್ಪೀಡ್. ಬಣ್ಣ ಅರಿಶಿನಕ್ಕೆ ಸ್ವಲ್ಪ ಹೊಗೆ ಹಿಡಿದ ಹಾಗಿದೆ, ಯಾರೂ ತಗೊಳ್ದೆ ಬಿದ್ದಿತ್ತು ಅಂತ ಡಿಸ್ಕೌಂಟು ಬೇರೆ.

ನಿನ್ನೆ ರಾತ್ರಿ ವರಾಂಡದಲ್ಲಿ ಎರಡೂ ಸೈಕಲ್ ಪಕ್ಕಪಕ್ಕ ನಿಲ್ಲಿಸಿ ಹಳೇದ್ರಿಂದ ಏನೇನು ಬರುತ್ತೆ ನೋಡಿದೆ. ಪೆಡಲ್ ಬಂತು, 9/16 ಇಂಚು, ಎಡಗಡೆ ಉಲ್ಟಾ, ಯಾರೂ ಇನ್ನೂ ಕೈ ಹಾಕಿಲ್ಲ. ಗ್ರಿಪ್ ಬಂತು, 22.2. ಸೀಟು ಬಂತು, ರೈಲು 7 ಎಂಎಂ. ಬಾಟಲ್ ಕೇಜು ಬಂತು, ಎರಡು ತೂತಿನ ನಡುವೆ 64 ಎಂಎಂ, ಅದೂ ಹಾಗೇ ಇದೆ. ಹ್ಯಾಂಡಲ್ ಬಾರ್ ಬರಲಿಲ್ಲ, ನಂದು 31.8, ಇವನದು 35. ಡ್ರಾಪರ್ ನಂದು 31.6, ಇದರ ಸೀಟ್‌ಟ್ಯೂಬ್ 30.9, ಪಾಯಿಂಟ್ ಏಳಕ್ಕೆ ಹೋಯ್ತು, ಉಲ್ಟಾ ಆಗಿದ್ರೆ ಶಿಮ್ (ಸಂದು ತುಂಬೋ ತೆಳು ಕೊಳವೆ) ಹಾಕಬಹುದಿತ್ತು. ಹೆಂಡ್ತಿ ಬಂದು ನೋಡಿ "ಒಂದೂಕಾಲು ಲಕ್ಷ ಕೊಟ್ಟು ಬಾಟಲ್ ಸ್ಟ್ಯಾಂಡ್ ಉಳಿಸಿದ್ರಾ" ಅಂದ್ಲು.

ಶಿರಸಿ ಕೆಸರು

ಹಳೇ ಸೈಕಲ್ ಏನ್ಮಾಡ್ತೀರಿ? ಗುಜರಿಗೆ ಹಾಕ್ಬೇಡಿ. ಸಸ್ಪೆನ್ಷನ್ ಇಲ್ಲದ ಸ್ಟೀಲ್ ಫೋರ್ಕ್ ಸ್ಟ್ರೈಟ್ ಸ್ಟೀರರ್ (ಮೇಲಿನ ಕೋಲು) ಇರೋದು ಡಿಸ್ಕ್ ಮೌಂಟ್ ಜೊತೆ ಇನ್ನೂ ಸಿಗ್ತದೆ. ಆಕ್ಸಲ್‌ನಿಂದ ಕ್ರೌನ್‌ವರೆಗಿನ (ಫೋರ್ಕಿನ ಎರಡೂ ಕಾಲು ಸೇರೋ ಜಾಗ) ಅಳತೆ ನೋಡಿ ತರಿಸಿ, ಮಾಮೂಲಿ ಗಿಡ್ಡ ಫೋರ್ಕ್ ಹಾಕಿದ್ರೆ ಮುಂದೆ ಮುಗ್ಗರಿಸಿ ನಿಂತ ಹಾಗೆ ಆಗ್ತದೆ. 100 ಎಂಎಂ ಸಸ್ಪೆನ್ಷನ್ ಫೋರ್ಕಿಗೆ ಬದಲಾಗಿ ಅಂತ್ಲೇ ಉದ್ದ ಮಾಡಿದ್ದು ಬರ್ತದೆ, ಅದು.

ಹಳೇಗೇರು

ಆಗ್ಲೇ ಆರ್ಡರ್ ಮಾಡಿದೀನಿ. ಮಗ ಅದರಲ್ಲಿ ಟ್ಯೂಷನ್‌ಗೆ ಹೋಗ್ತಾನಂತೆ. ಆ 32 ಕಡ್ಡಿ ವೀಲ್ ಅಲ್ಲೇ ಇರುತ್ತೆ, ಅಷ್ಟು ಸಾಕು.

ಕುಡ್ಲದ ಕಾಲುದಾರಿ

ಬಿಟ್ಟ ಡ್ರಾಪರ್ 31.6 ಅಂದ್ರಲ್ಲ, ಕೊಡ್ತೀರಾ? ನನ್ನ ಫ್ರೇಮಿಗೆ ಅದೇ ಬೇಕು.

ಹಳೇಗೇರು

ಕೊಡ್ತೀನಿ, ಪೋಸ್ಟ್ ಖರ್ಚು ನಿಮ್ದು. ಆಕ್ಸಲ್ ಸಿಕ್ತಾ?

ಕುಡ್ಲದ ಕಾಲುದಾರಿ

ಇಲ್ಲ. ತೈವಾನಿಂದ ಬರ್ತಾ ಉಂಟು.